ಹಾಕಿದ್ದ ಬೀಗ ಹಾಕಿದ ಹಾಗೇ

“ಎತ್ತಿ ನೋಡೋಣ,” ಅಂದರು ಪುರಾಣ ಮೇಡಂ.

ಮ್ಯಾನೇಜರ್ ಎರಡೂ ಕೈ ಹಾಕಿ ಎತ್ತಿದ. ಮೇನ್ ಸ್ವಿಚ್ಚಿನ ಹಿಡಿ ಜಪ್ಪಯ್ಯ ಅನ್ನಲಿಲ್ಲ. ಹಿಡಿಯ ತೂತಿನಲ್ಲಿ ಕೆಂಪು ಬೀಗವೊಂದು ತೂಗುತ್ತಿತ್ತು. ಅದಕ್ಕೆ ಕಟ್ಟಿದ್ದ ಕಾರ್ಡಿನಲ್ಲಿ ಫಿಟ್ಟರನ ಫೋಟೊ, ಕೆಳಗೆ ‘ನಾನು ಒಳಗಿದ್ದೇನೆ, ಮುಟ್ಟಬೇಡಿ’ ಎಂಬ ದಪ್ಪ ಅಕ್ಷರ.

“ಇನ್ನೂ ಜೋರಾಗಿ.”

“ಬರಲ್ಲ ಮೇಡಂ. ಬೀಗ ಹಾಕಿದೆಯಲ್ಲ.”

“ಬರಲ್ಲ ತಾನೇ? ಹಾಗಿದ್ರೆ ನಿನ್ನೆ ಡ್ರಮ್ಮಿಗೆ ಕರೆಂಟ್ ಎಲ್ಲಿಂದ ಬಂತು? ಆಕಾಶದಿಂದ ಇಳೀತಾ?”

ಮ್ಯಾನೇಜರ್ ಆಕಾಶವನ್ನೇ ನೋಡುವವನಂತೆ ಮೇಲೆ ನೋಡಿದ. ಅಲ್ಲಿ ತಗಡಿನ ಚಾವಣಿ ಬಿಟ್ಟರೆ ಏನೂ ಇರಲಿಲ್ಲ.

ಆಸ್ಪತ್ರೆಗಳ ಚಾದರ ಒಗೆಯುವ ಲಾಂಡ್ರಿ ಅದು. ಒಣಗಿಸುವ ದೊಡ್ಡ ಡ್ರಮ್ಮಿನಲ್ಲಿ ಸಿಕ್ಕಿಕೊಂಡ ಚಾದರಗಳನ್ನು ಬಿಡಿಸಲು ನಿನ್ನೆ ಒಳಗಿಳಿದಿದ್ದ ಫಿಟ್ಟರ್, ಡ್ರಮ್ಮು ತಿರುಗಿದ್ದರಿಂದ ತಲೆ ಒಡೆದು ಪಕ್ಕೆ ಮುರಿದು ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದ. ಇಳಿಯುವ ಮುಂಚೆ ಆತ ಸ್ವಿಚ್ಚು ಕೆಳಗೆಳೆದು, ತನ್ನ ಬೀಗ ಜಡಿದು, ಬೀಗದಕೈ ಜೇಬಿಗೆ ಹಾಕಿಕೊಂಡಿದ್ದ. ಜನ ಕೂಗಿಕೊಂಡು ಓಡಿ ಬಂದಾಗಲೂ ಹಾಕಿದ್ದ ಬೀಗ ಹಾಕಿದ ಹಾಗೇ ಇತ್ತು.

ಮೇಡಂ ಬೀಗವನ್ನು ಅಂಗೈಮೇಲೆ ಎತ್ತಿಕೊಂಡು ನೋಡಿದರು. ಮೈಯೆಲ್ಲ ಗ್ರೀಸಿನ ಕಪ್ಪು ಬೆರಳಚ್ಚು. ತಳದಲ್ಲಿ ಆ ಕಪ್ಪಿನ ಮೇಲೆ ನೇರಳೆ ಬಣ್ಣದ ಒಂದು ಉಜ್ಜಿದ ಗುರುತು. ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಬೀಗ ಬಿಟ್ಟರು.

ಕಾರ್ಖಾನೆಗಳ ಸುರಕ್ಷತೆ ನೋಡುವ ಇಲಾಖೆಯ ಈ ಅಧಿಕಾರಿಗೆ ‘ಪುರಾಣ ಮೇಡಂ’ ಎಂಬ ಅಡ್ಡಹೆಸರು ಸುಮ್ಮನೆ ಬಂದದ್ದಲ್ಲ. ಒಂದು ಬಾಗಿಲು ಕಂಡರೆ ಸಾಕು, ಹಳೆಯ ದುರಂತವೊಂದರ ಪುರಾಣ ಬಿಚ್ಚುತ್ತಿದ್ದರು. ನಾಟಕಶಾಲೆಗೆ ಬೆಂಕಿ ಬಿದ್ದಾಗ ಒಳಕ್ಕೆ ತೆರೆಯುವ ಬಾಗಿಲಿಗೆ ಜನ ಒತ್ತಿಕೊಂಡು ಸತ್ತರಲ್ಲ, ಆಮೇಲೆ ತಾನೇ ಬಾಗಿಲು ಹೊರಕ್ಕೆ ತೆರೆಯಬೇಕು ಅಂತ ಆದದ್ದು! ಗ್ಯಾಸಿಗೆ ಸ್ವಂತ ವಾಸನೆ ಇಲ್ಲದ್ದರಿಂದ ಸೋರಿದ್ದು ತಿಳಿಯದೆ ಮಕ್ಕಳು ತುಂಬಿದ ಶಾಲೆಯೇ ಹಾರಿಹೋಯಿತಲ್ಲ, ಆಮೇಲೆ ತಾನೇ ಅದಕ್ಕೆ ನಾತ ಬೆರೆಸಿದ್ದು! ಕೇಳಿದವರು ಗೋಣು ಆಡಿಸುತ್ತಿದ್ದರು. ಮೇಡಂ ಬೆನ್ನು ತಿರುಗಿಸಿದ ಕೂಡಲೇ ಅದೇ ಬಾಗಿಲಿಗೆ ಮೂಟೆ ಒಟ್ಟುತ್ತಿದ್ದರು. ಹೀಗಾಗಿ ಅವರ ಸಿಟ್ಟಿಗೆ ರಜೆ ಎಂಬುದೇ ಇರಲಿಲ್ಲ.

ಈ ಲಾಂಡ್ರಿಯಂತೂ ಬೆಳಗಿನಿಂದ ಅವರ ಪಿತ್ತ ನೆತ್ತಿಗೇರಿಸಿತ್ತು. ಡ್ರಮ್ಮಿನ ಬಾಯಿ ಗೋಡೆಯಾಚೆ, ಅದನ್ನು ತಿರುಗಿಸುವ ಗುಂಡಿ ಗೋಡೆಯೀಚೆ. ಬಾಗಿಲು ತೆರೆದಿದ್ದರೆ ಡ್ರಮ್ಮು ತಿರುಗಬಾರದೆಂದು ಇಟ್ಟಿದ್ದ ಸಣ್ಣ ಚಿಲಕಕ್ಕೆ ಯಾರೋ ಟೇಪು ಸುತ್ತಿ ಒತ್ತಿಟ್ಟಿದ್ದರು.

“ಇದ್ಯಾಕೆ?”

“ಅದು ಪದೇ ಪದೇ ನಿಂತುಬಿಡ್ತಿತ್ತು ಮೇಡಂ. ಕಿರಿಕಿರಿ.”

“ನಿಲ್ಲೋದಕ್ಕೇ ಅಲ್ವೇನ್ರೀ ಅದನ್ನ ಇಟ್ಟಿರೋದು!”

ಮ್ಯಾನೇಜರ್ ಮುಖ ಹುಳ್ಳಗೆ ಮಾಡಿಕೊಂಡ.

ಗೋಡೆಯ ಪಕ್ಕದ ಬೆಂಚಿನಲ್ಲಿ ಗುಂಡಿ ಒತ್ತಿದ ಆಪರೇಟರ್ ಕುಳಿತಿದ್ದಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಸುತ್ತಿ ಬಿಚ್ಚಿ, ಅದು ಹಗ್ಗದಂತೆ ಹುರಿಗೊಂಡಿತ್ತು. ಪಕ್ಕದಲ್ಲಿ ನಿಂತಿದ್ದ ಪೊಲೀಸ್ ಸಾಹೇಬರಿಗೆ ಮಾತ್ರ ಯಾವ ಗೊಂದಲವೂ ಇರಲಿಲ್ಲ.

“ಇದರಲ್ಲಿ ತಲೆ ಕೆಡಿಸ್ಕೊಳ್ಳೋಕೆ ಏನಿದೆ ಮೇಡಂ? ಫಿಟ್ಟರ್ ಬೀಗಕ್ಕೆ ಎರಡು ಕೀ. ಒಂದು ಅವನ ಜೇಬಲ್ಲೇ ಸಿಕ್ತು. ಇನ್ನೊಂದು ಅವನ ಮನೆ ಗೋಡೆ ಮೊಳೇಲಿ ನೇತಾಡ್ತಿರುತ್ತೆ. ಈಕೆ ಇರೋದು ಅದೇ ಮನೇಲಿ. ಅವನ ತಮ್ಮನ ಹೆಂಡ್ತಿ. ಮನೆ ಮಧ್ಯೆ ಗೋಡೆ ಏಳಿಸೋ ವಿಷಯಕ್ಕೆ ಎರಡೂ ಸಂಸಾರಕ್ಕೆ ಮಾತಿಲ್ಲ ಕತೆಯಿಲ್ಲ. ಗುಂಡಿ ಒತ್ತಿದ್ದೂ ಈಕೇನೇ. ಜೀಪ್ ಬಂದ ಕೂಡ್ಲೇ ಕರ್ಕೊಂಡು ಹೊರಡ್ತೀನಿ.”

“ಗೋಡೆ ವಿಷಯ ಗಂಡಸರದ್ದು ಸಾರ್,” ಅಂದಳು ಆಪರೇಟರ್. “ನಾನೂ ಅಕ್ಕನೂ ಒಂದೇ ಒಲೇಲಿ ಬೇಯಿಸ್ತೀವಿ. ನಂಗೆ ಕಾಣೋದು ಕರೆಂಟ್ ಬಂದ್ರೆ ಉರಿಯೋ ಹಸಿರು ದೀಪ ಒಂದೇ. ಅದು ಉರೀತು, ಸೂಪರ್‌ವೈಸರ್ ‘ಹೂಂ, ಒತ್ತಮ್ಮ’ ಅಂದ್ರು, ಒತ್ತಿದೆ. ಗೋಡೆ ಆಚೆ ಭಾವ ಇದ್ದಾರೆ ಅಂತ ನಂಗೇನು ಗೊತ್ತು?” ಆಕೆ ಸೆರಗನ್ನು ಮತ್ತೆ ಬೆರಳಿಗೆ ಸುತ್ತಿದಳು. “ಅಕ್ಕ ಭಾವನ ಜೊತೆ ಆಸ್ಪತ್ರೇಲಿದ್ದಾರೆ. ನನ್ನ ಮಗು ಪಕ್ಕದ ಮನೇಲಿದೆ. ಇನ್ನೂ ಎದೆಹಾಲು ಕುಡಿಯೋ ಕೂಸು ಮೇಡಂ. ನಾನು ಒಳಗೆ ಹೋದ್ರೆ ಅದರ ಗತಿ?”

ಆ ಕೂಸಿನ ಮಾತು ಮೇಡಂ ಎದೆಗೆ ನಾಟಿತ್ತು. ಆದರೆ ಎದೆಗೆ ನಾಟಿದ್ದನ್ನು ಹಿಡಿದುಕೊಂಡು ಯಾರನ್ನೂ ಬಿಡಿಸಲಾಗುವುದಿಲ್ಲವಲ್ಲ.

ಅಷ್ಟರಲ್ಲಿ ಅವರ ಫೋನು ಬಡಿದುಕೊಂಡಿತು. ಮನೆಯಿಂದ ಯಜಮಾನರು.

“ಲೇ, ಹಾಲ್‌ನ ಬಲ್ಬ್ ಹೋಗಿದೆ. ಡೈನಿಂಗ್ ಟೇಬಲ್ ಮೇಲೆ ಸ್ಟೂಲ್ ಇಟ್ಕೊಂಡು ಹತ್ತಿದ್ದೀನಿ. ಯಾವ ಸ್ವಿಚ್ಚು ಆಫ್ ಮಾಡ್ಬೇಕಿತ್ತು?”

ಮೇಡಂ ಕಣ್ಣು ಮುಚ್ಚಿಕೊಂಡರು. “ಇಳೀರಿ.”

“ಹತ್ತಾಗಿದೆ ಕಣೆ...”

“ಇಳೀರಿ ಅಂದೆ! ನಾನು ಬರೋವರೆಗೂ ಕತ್ತಲಲ್ಲೇ ಕೂತಿರಿ. ಏನೂ ಮುಳುಗಿಹೋಗಲ್ಲ.”

ಊರಿಗೆಲ್ಲ ಬುದ್ಧಿ ಹೇಳಿ ಮನೆಯಲ್ಲಿ ಸೋತ ಸಿಟ್ಟನ್ನು ಅವರು ಸ್ವಿಚ್ಚಿನ ಪೆಟ್ಟಿಗೆಯ ಮೇಲೆ ತೀರಿಸಿಕೊಂಡರು. ಅದರ ಬಾಗಿಲನ್ನು ರಪ್ಪನೆ ತಳ್ಳಿದ್ದೇ ತಡ, ತಗಡಿನ ಅಂಚು ಬೆರಳನ್ನು ಸೀಳಿತು. ರಕ್ತ ತೊಟ್ಟಿಕ್ಕಿತು.

“ಅಯ್ಯಯ್ಯೋ! ಫಸ್ಟ್ ಏಡ್ ಡಬ್ಬಿ ತನ್ನಿ!” ಎಂದು ಮ್ಯಾನೇಜರ್ ಅರಚಿದ.

ಫಸ್ಟ್ ಏಡ್ ಡಬ್ಬಿ ಗೋಡೆಗೆ ಹೊಡೆದ ಕಪಾಟಿನಲ್ಲಿತ್ತು. ಕಪಾಟಿಗೆ ಬೀಗ.

“ಇದಕ್ಕೂ ಬೀಗ ಹಾಕಿದೀರಾ?” ಮೇಡಂ ಬೆರಳು ಒತ್ತಿ ಹಿಡಿದುಕೊಂಡು ಕೇಳಿದರು. “ರಕ್ತ ಬರೋರು ಅರ್ಜಿ ಹಾಕ್ಕೊಳ್ಬೇಕಾ?”

“ಹತ್ತಿ, ಟೇಪು ಎಲ್ಲ ಮನೆಗೆ ಹೋಗ್ತಿತ್ತು ಮೇಡಂ. ಒಂದೇ ನಿಮಿಷ. ಯಾರ ಹತ್ರಾನಾದ್ರೂ ಕೀ ಇದೆಯೇನ್ರೋ?”

ಇಸ್ತ್ರಿ ಮಾಡುವ ಹೆಂಗಸು ಸೊಂಟದಿಂದ ಒಂದು ಬೀಗದಕೈ ತೆಗೆದಳು. ಮಡಿಕೆ ಹಾಕುವವನು ಅಂಗಿಯ ಜೇಬಿನಿಂದ ಒಂದು ತೆಗೆದ. ಬಾಯ್ಲರ್ ನೋಡಿಕೊಳ್ಳುವವನು ಕೊರಳ ದಾರದಿಂದ ಒಂದು ಜಗ್ಗಿದ. ಮೂವರೂ ಒಟ್ಟಿಗೆ ಕೈ ಚಾಚಿದರು.

ಮ್ಯಾನೇಜರ್ ಹತ್ತಿರವಿದ್ದದ್ದನ್ನು ತೆಗೆದುಕೊಂಡ. ಕಪಾಟು ತೆರೆಯಿತು.

ಮೇಡಂ ಬೆರಳನ್ನೇ ಮರೆತರು.

“ಈ ಮೂರೂ ಜನರ ಹತ್ರ ಔಷಧಿ ಕಪಾಟಿನ ಕೀ ಯಾಕಿದೆ?”

“ಔಷಧಿ ಕಪಾಟಿಂದಲ್ಲ ಮೇಡಂ,” ಅಂದಳು ಇಸ್ತ್ರಿಯವಳು ನಗುತ್ತಾ. “ಇದು ನಮ್ಮ ನಮ್ಮ ಕೆಂಪು ಬೀಗದ್ದು. ಎಲ್ಲದಕ್ಕೂ ಆಗುತ್ತೆ. ನನ್ನ ಊಟದ ಡಬ್ಬಿ ಪೆಟ್ಟಿಗೆಗೂ ಇದೇ.”

ಮೇಡಂ ಆಕೆಯ ಕೈಯಿಂದ ಬೀಗದಕೈ ಕಿತ್ತುಕೊಂಡು ಸೀದಾ ಮೇನ್ ಸ್ವಿಚ್ಚಿನ ಬಳಿ ಹೋದರು. ಫಿಟ್ಟರನ ಬೀಗಕ್ಕೆ ತೂರಿಸಿದರು. ತಿರುಗಿಸಿದರು.

ಬೀಗ ಬಾಯಿ ಬಿಟ್ಟಿತು.

ಅದನ್ನು ಮತ್ತೆ ಒತ್ತಿ ಮುಚ್ಚಿದರು. ಬಾಯ್ಲರಿನವನ ಬೀಗದಕೈ ಹಾಕಿದರು. ತೆರೆಯಿತು. ಮಡಿಕೆಯವನದ್ದು ಹಾಕಿದರು. ಅದಕ್ಕೂ ತೆರೆಯಿತು. ಪೊಲೀಸ್ ಸಾಹೇಬರು ಬಾಯಿ ಅರ್ಧ ತೆರೆದುಕೊಂಡು ನೋಡುತ್ತಿದ್ದರು.

“ಮ್ಯಾನೇಜರೇ,” ಮೇಡಂ ದನಿ ಅಪಾಯ ಎನ್ನಿಸುವಷ್ಟು ಮೆತ್ತಗಾಗಿತ್ತು. “ಏನಿದು?”

ಮ್ಯಾನೇಜರ್‌ಗೆ ಇನ್ನೂ ವಿಷಯ ತಲೆಗೆ ಹೋಗಿರಲಿಲ್ಲ. ತನ್ನ ಬೆನ್ನು ತಾನೇ ತಟ್ಟಿಕೊಳ್ಳುವ ಧಾಟಿಯಲ್ಲಿ ಹೇಳಿದ. “ಅದು ನನ್ನದೇ ಐಡಿಯಾ ಮೇಡಂ. ಮೊದಲು ಒಬ್ಬೊಬ್ಬರ ಬೀಗಕ್ಕೆ ಒಂದೊಂದು ಕೀ ಇತ್ತು. ದಿನಾ ಒಬ್ಬ ಕಳ್ಕೊಳ್ಳೋನು. ಗರಗಸ ಹಾಕಿ ಕೊಯ್ಯೋದೇ ಕೆಲಸ ಆಗಿತ್ತು. ಅದಕ್ಕೆ ಅಂಗಡಿಯವನಿಗೆ ಹೇಳಿ, ಎಲ್ಲ ಬೀಗಕ್ಕೂ ಒಂದೇ ಕೀ ಬರೋ ಹಾಗೆ ಒಂದು ಪೆಟ್ಟಿಗೆ ತರಿಸಿದೆ. ಆಮೇಲೆ ನೋಡಿ, ಒಂದು ದಿನಾನೂ ತೊಂದರೆಯಿಲ್ಲ.”

“ತೊಂದರೆಯಿಲ್ಲ!” ಮೇಡಂ ಹಣೆ ಚಚ್ಚಿಕೊಂಡರು; ಹಣೆಗೂ ರಕ್ತ ಮೆತ್ತಿತು. “ಅಲ್ರೀ, ಒಬ್ಬೊಬ್ಬರಿಗೆ ಒಂದೊಂದು ಬೀಗ ಅಂತ ಯಾಕೆ ಮಾಡಿದ್ರು? ಬಣ್ಣ ಚೆನ್ನಾಗಿದೆ ಅಂತಾನಾ? ಒಳಗಿರೋನ ಪ್ರಾಣ ಒಳಗಿರೋನ ಜೇಬಲ್ಲೇ ಇರಲಿ ಅಂತ! ಅವನು ಆಚೆ ಬಂದು, ಅವನೇ ತೆಗೆಯೋವರೆಗೂ ದೇವರಿಗೂ ಆ ಸ್ವಿಚ್ಚು ಹಾಕೋಕೆ ಆಗಬಾರದು ಅಂತ! ಹಿಟ್ಟಿನ ಯಂತ್ರದಲ್ಲಿ, ಕಾಗದದ ಯಂತ್ರದಲ್ಲಿ, ಎಲ್ಲೆಲ್ಲೋ ಯಾರ್ಯಾರೋ ಅರೆದು ಹೋದ ಮೇಲೆ ಕಲಿತ ಪಾಠ ಇದು. ನೀವು ಆ ಪಾಠಾನೂ ಇಟ್ಕೊಂಡ್ರಿ, ಬೀಗಾನೂ ಇಟ್ಕೊಂಡ್ರಿ, ಫೋಟೊ ಬೇರೆ ಅಂಟಿಸಿದ್ರಿ. ಕೀ ಮಾತ್ರ ಊರಿಗೆಲ್ಲ ಹಂಚಿಬಿಟ್ರಿ!”

ಮ್ಯಾನೇಜರ್‌ನ ಮುಖದಲ್ಲಿ ಈಗ ಬೆವರು ಕಾಣಿಸಿತು.

ಪೊಲೀಸ್ ಸಾಹೇಬರು ಗಂಟಲು ಸರಿಮಾಡಿಕೊಂಡರು. “ಹಾಗಂದ್ರೆ... ಈಕೆ ಹತ್ರಾನೂ ಕೀ ಇತ್ತು ಅಂತಾಯ್ತಲ್ಲ?”

“ಎಲ್ಲರ ಹತ್ರಾನೂ ಇತ್ತು ಸಾಹೇಬರೇ. ಎಲ್ಲರನ್ನೂ ಜೀಪಿಗೆ ಹತ್ತಿಸ್ತೀರಾ? ಮನೆ ಮೊಳೇಲಿ ನೇತಾಡೋ ಕೀ ಕತೆಯನ್ನ ಇನ್ನು ಬಿಡಿ.”

ಸಾಹೇಬರು ಟೋಪಿ ತೆಗೆದು ತಲೆ ಕೆರೆದುಕೊಂಡರು. ಬೆಂಚಿನ ಮೇಲೆ ಆಪರೇಟರ್ ಮೊದಲ ಬಾರಿಗೆ ತಲೆಯೆತ್ತಿದಳು.

ಮೇಡಂ ಬೆರಳಿಗೆ ಬಟ್ಟೆ ಸುತ್ತಿಸಿಕೊಂಡು ಸುತ್ತಲೂ ನೋಡಿದರು. ಎಲ್ಲರೂ ಗುಂಪು ಸೇರಿದ್ದರು. ಬೀಗದಕೈ ಬೇಕು ಅಂದಾಗ ಮೂವರು ಕೈ ಚಾಚಿದ್ದರು. ಗುಂಪಿಗೆ ಸೇರದೆ ದೂರ ಉಳಿದವನು ಒಬ್ಬನೇ. ಆತ ಬಟ್ಟೆ ಗಾಡಿಯ ಹಿಂದೆ, ಎರಡೂ ಕೈ ಪ್ಯಾಂಟಿನ ಜೇಬಿನಲ್ಲಿಟ್ಟುಕೊಂಡು ನಿಂತಿದ್ದ.

“ಸೂಪರ್‌ವೈಸರೇ, ಮೂಟೆಗಳಿಗೆ ಯಾವ ಆಸ್ಪತ್ರೇದು ಅಂತ ಮುದ್ರೆ ಒತ್ತೋದು ಯಾರು?”

“ನಾನೇ ಮೇಡಂ.”

“ಯಾವ ಬಣ್ಣದ ಶಾಯಿ?”

ಆತನ ಕೈ ಜೇಬಿನಲ್ಲಿ ಇನ್ನೂ ಆಳಕ್ಕೆ ಇಳಿಯಿತು.

“ಕೈ ತೋರಿಸಿ.”

“ಕೈಯಲ್ಲೇನಿದೆ ಮೇಡಂ...”

“ಅದನ್ನೇ ನೋಡೋಣ ಅಂತ.”

ಕೈ ಹೊರಬಂತು. ಬಲಗೈ ಹೆಬ್ಬೆರಳು ಉಗುರಿನ ಸಂದಿಯವರೆಗೂ ನೇರಳೆ. ಎಷ್ಟು ಒಗೆದರೂ ಹೋಗದ ಶಾಯಿ, ಹೋಗಬಾರದೆಂದೇ ಮಾಡಿದ್ದು.

“ಅದು ಯಾವತ್ತೋ ತಾಗಿರುತ್ತೆ,” ಅಂದ ಆತ, ಯಾರೂ ಏನೂ ಕೇಳುವ ಮೊದಲೇ.

“ನಾನಿನ್ನೂ ಬೀಗದ ಸುದ್ದಿಯನ್ನೇ ಎತ್ತಿಲ್ಲವಲ್ಲ!”

ಸೂಪರ್‌ವೈಸರ್ ನಾಲಗೆ ಕಚ್ಚಿಕೊಂಡ.

“ನೀವೇ ಎತ್ತಿದ್ದೀರಿ, ಇರಲಿ. ಬೀಗದ ತಳದಲ್ಲಿ ಫಿಟ್ಟರನ ಗ್ರೀಸಿದೆ, ಅದರ ಮೇಲೆ ನಿಮ್ಮ ಶಾಯಿ. ಫಿಟ್ಟರ್ ಮುಟ್ಟಿದ ಮೇಲೆ ನೀವು ಮುಟ್ಟಿದೀರಿ. ಸ್ವಿಚ್ಚಿನ ಹತ್ರಾನೇ ಸುಳಿದಿಲ್ಲ ಅಂತ ಬೆಳಗ್ಗೆ ಆಣೆ ಇಟ್ಟಿದ್ರಲ್ಲ? ಆ ಹೆಂಗಸು ಹಾಲು ಕುಡಿಯೋ ಕೂಸು ಬಿಟ್ಟು ಇಲ್ಲಿ ಕೂತಿದ್ದಾಳೆ. ನೀವು ಗಾಡಿ ಹಿಂದೆ ನಿಂತು ನೋಡ್ತಿದ್ರಲ್ಲ, ನಿಮಗೆ ಏನೂ ಅನ್ನಿಸ್ಲಿಲ್ವಾ?”

ಆತ ಗಾಡಿಯ ಅಂಚು ಹಿಡಿದುಕೊಂಡ. ವಯಸ್ಸಾದ ಮನುಷ್ಯ, ಮೇಡಂಗೆ ಕರುಣೆ ಬರಬೇಕಿತ್ತು, ಸಿಟ್ಟೇ ಬಂತು.

“ನಾನೇ ತೆಗೆದೆ,” ಅಂದ ಕೊನೆಗೆ. “ಆದ್ರೆ ಕೆಟ್ಟದ್ದಕ್ಕೆ ತೆಗೀಲಿಲ್ಲ ಮೇಡಂ. ಇಲ್ಲಿ ಅದು ದಿನಾ ನಡೆಯೋದೇ. ಒಬ್ಬ ಬೀಗ ಹಾಕ್ಕೊಂಡು ಕೆಲಸ ಮುಗಿಸಿ, ತೆಗೆಯೋದು ಮರೆತು ಟೀಗೆ ಹೋಗ್ತಾನೆ. ಅವನನ್ನ ಹುಡುಕ್ಕೊಂಡು ಹೋಗೋದು ಯಾಕೆ ಅಂತ ಇನ್ನೊಬ್ಬ ತೆಗೀತಾನೆ. ಒಬ್ಬರಿಗೊಬ್ಬರು ಆಗ್ತೀವಿ, ಅಷ್ಟೇ.”

ಸುತ್ತಲಿನವರು ಹೌದೆಂಬಂತೆ ನೆಲ ನೋಡಿದರು.

“ಭಾರಿ ಉಪಕಾರಿಗಳು! ಡ್ರಮ್ಮಿನೊಳಗೆ ಒಂದು ಸಲ ಬಗ್ಗಿ ನೋಡಿದ್ರಾ?”

“ಇಲ್ಲ.”

“ಹೆಸರು ಹಿಡಿದು ಕೂಗಿದ್ರಾ?”

“ಕೂಗೋದು ಯಾಕೆ ಅಂತ... ಅವನೇ ಫೋನ್ ಮಾಡಿ ಹೇಳಿದ್ನಲ್ಲ ಮೇಡಂ.”

ಮೇಡಂ ನಿಂತಲ್ಲೇ ನಿಂತರು. “ಯಾರು ಹೇಳಿದ್ದು?”

“ಫಿಟ್ಟರು. ನನ್ನ ಮೇಜಿನ ಇಂಟರ್‌ಕಾಮ್ ಹೊಡ್ಕೊಳ್ತು. ‘ನಾನು ಆಚೆ ಬಂದೆ, ಟೀ ಕುಡೀತಿದ್ದೀನಿ, ಲೈನ್ ಕೊಟ್ಬಿಡಿ’ ಅಂದ. ಬೀಗ ತೆಗೆದು ಸ್ವಿಚ್ ಹಾಕಿ ‘ಒತ್ತಮ್ಮ’ ಅಂದೆ. ಕಿರುಚಿದ್ದು ಕೇಳಿ ಓಡಿ ಬಂದು ಸ್ವಿಚ್ ಎಳೆದು, ಬೀಗ ಮತ್ತೆ ಸಿಕ್ಕಿಸಿಬಿಟ್ಟೆ. ಹೇಡಿ ಕೆಲಸ, ಒಪ್ಕೊಳ್ತೀನಿ. ಆದ್ರೆ ಅವನು ಹೇಳದೆ ನಾನು ತೆಗೀಲಿಲ್ಲ. ನನ್ನ ಮಕ್ಕಳಾಣೆ.”

“ಫಿಟ್ಟರ್ ಆ ಹೊತ್ತಿಗೆ ಡ್ರಮ್ಮಿನೊಳಗೆ ಚಾದರ ಬಿಡಿಸ್ತಿದ್ದ. ಅಲ್ಲಿ ಇಂಟರ್‌ಕಾಮ್ ಇದೆಯಾ?”

“ಇಲ್ಲ.”

“ಮತ್ತೆ?”

“ದನಿ ಅವನದೇ ಮೇಡಂ! ಗಂಟಲಲ್ಲಿ ಕಲ್ಲು ಉರುಳಿಸಿದ ಹಾಗೆ ಮಾತಾಡ್ತಾನೆ. ಸಾವಿರ ಜನರಲ್ಲಿ ಬೇಕಾದ್ರೂ ಗುರುತು ಹಿಡೀತೀನಿ.”

ಪೊಲೀಸ್ ಸಾಹೇಬರು ಮೇಡಂ ಮುಖ ನೋಡಿದರು, ಮೇಡಂ ಅವರ ಮುಖ ನೋಡಿದರು. ಯಾರೋ ಫಿಟ್ಟರನ ದನಿಯಲ್ಲಿ ಮಾತಾಡಿದ್ದರು. ಇಲ್ಲಿನವರ ಉಪಕಾರಬುದ್ಧಿ ಚೆನ್ನಾಗಿ ಗೊತ್ತಿದ್ದವರು, ಒಂದು ಮಾತು ಸಾಕು, ಬಗ್ಗಿ ನೋಡದೆ ಬೀಗ ತೆಗೆಯುತ್ತಾರೆಂದು ತಿಳಿದವರು.

“ಇಂಟರ್‌ಕಾಮ್ ಎಲ್ಲೆಲ್ಲಿದೆ?” ಸಾಹೇಬರು ಕೇಳಿದರು.

“ಆಫೀಸಲ್ಲಿ, ಬಾಯ್ಲರ್ ಹತ್ರ, ಹಿಂದೆ ವ್ಯಾನ್‌ಗಳು ಮೂಟೆ ಇಳಿಸೋ ಕಟ್ಟೆ ಹತ್ರ,” ಅಂದ ಮ್ಯಾನೇಜರ್, ಈಗ ಕೇಳಿದ್ದಕ್ಕಷ್ಟೇ ಉತ್ತರ ಕೊಡುವ ಬುದ್ಧಿ ಬಂದವನಾಗಿ.

“ಅದನ್ನ ಆಮೇಲೆ ನೋಡೋಣ,” ಅಂದರು ಮೇಡಂ. “ಮೊದಲು ಆಕೆಯನ್ನ ಮನೆಗೆ ಕಳಿಸಿ ಸಾಹೇಬರೇ. ದೀಪ ಉರೀತು, ಒತ್ತು ಅಂದ್ರು, ಒತ್ತಿದಳು. ಇಷ್ಟು ಜನರಲ್ಲಿ ತನ್ನ ಕೆಲಸ ಸರಿಯಾಗಿ ಮಾಡಿದ್ದು ಆಕೆ ಒಬ್ಬಳೇ.”

ಸಾಹೇಬರು ಸ್ವಲ್ಪ ಹೊತ್ತು ಮೀಸೆ ತಿರುವಿದರು. ಆಮೇಲೆ ಗೋಣು ಹಾಕಿದರು. “ಹೋಗಮ್ಮ. ಕರೆದಾಗ ಬರಬೇಕು. ಕರ್ಕೊಂಡು ಹೋಗೋಕೆ ಯಾರಾದ್ರೂ ಇದ್ದಾರಾ?”

“ನಮ್ಮನೆಯವರು ಇದ್ದಾರೆ ಸಾರ್. ಆಸ್ಪತ್ರೆ ಬಟ್ಟೆ ವ್ಯಾನ್ ಓಡಿಸೋದು ಅವರೇ. ಹಿಂದೆ ಮೂಟೆ ಇಳಿಸ್ತಿರ್ತಾರೆ.” ಆಪರೇಟರ್ ಕಣ್ಣೊರೆಸಿಕೊಂಡು ನಕ್ಕಳು, ಬೆಳಗಿನಿಂದ ಅಲ್ಲಿ ಯಾರಾದರೂ ಸಂತೋಷಕ್ಕೆ ನಕ್ಕದ್ದು ಅದೇ ಮೊದಲು. “ಮಗು ಎದ್ದಿರುತ್ತೆ. ಬೇಗ ಹೋದ್ರೆ ಅಳು ಶುರು ಮಾಡೋ ಮುಂಚೆ ಸೇರ್ಕೋಬಹುದು.”

ಇಸ್ತ್ರಿಯವಳು ಆತನನ್ನು ಕರೆಯಲು ಓಡಿದಳು. ವ್ಯಾನಿನವರು ಹಿಂದಿನ ಕಟ್ಟೆಯಲ್ಲೇ ಮೂಟೆ ಇಳಿಸಿ ಹೋಗುವವರು. ಒಳಗಿನವರು ಅವರ ಮುಖ ನೋಡುವುದೇ ಅಪರೂಪ. ಮೇಡಂ ಸೂಪರ್‌ವೈಸರನನ್ನು ಕುರ್ಚಿಯಲ್ಲಿ ಕೂರಿಸಿ, ಕುಡಿಯಲು ನೀರು ಕೊಡಿಸಿದರು. ಎಷ್ಟು ಬೈದಿದ್ದರೂ ವಯಸ್ಸಾದವನನ್ನು ಹಾಗೇ ನಿಲ್ಲಿಸಲು ಮನಸ್ಸು ಬರಲಿಲ್ಲ.

ಬಾಗಿಲ ಬಳಿ ನೀಳ ಮೈಕಟ್ಟಿನ ಗಂಡಸೊಬ್ಬ ಬಂದು ನಿಂತ. ಭುಜದ ಟವೆಲ್ಲಿನಿಂದ ಮುಖ ಒರೆಸಿಕೊಂಡ. ಒಳಗೆ ಕಾಲಿಡಲಿಲ್ಲ.

“ಬಿಟ್ರಾ?” ಅಂದ ಹೆಂಡತಿಗೆ. “ಸರಿ, ಬಾ, ಹೋಗೋಣ. ಕೂಸು ಅಳ್ತಿರುತ್ತೆ.”

ಸೂಪರ್‌ವೈಸರನ ಕೈಯಿಂದ ನೀರಿನ ಲೋಟ ಜಾರಿ ಬಿತ್ತು.

“ಮೇಡಂ,” ಅಂದ. ನೇರಳೆ ಹೆಬ್ಬೆರಳಿನ ಕೈಯನ್ನು ಬಾಗಿಲ ಕಡೆ ಚಾಚಿದ. “ಇದೇ. ಇಂಟರ್‌ಕಾಮ್‌ನಲ್ಲಿ ಬಂದದ್ದು ಇದೇ ದನಿ.”

ಗಂಡ ಟವೆಲ್ಲನ್ನು ಮುಖದ ಮೇಲೇ ಹಿಡಿದು ನಿಂತುಬಿಟ್ಟ. ಪೊಲೀಸ್ ಸಾಹೇಬರು ಬಾಗಿಲ ಕಡೆ ಒಂದು ಹೆಜ್ಜೆ ಇಟ್ಟರು.

ಆಗ ಆಪರೇಟರ್ ಮಧ್ಯೆ ಬಂದು ನಿಂತಳು. ಗಂಡನ ಕಡೆ ತಿರುಗಿಯೂ ನೋಡಲಿಲ್ಲ. ಹೋಗಿ ಅದೇ ಬೆಂಚಿನ ಮೇಲೆ, ಮೊದಲು ಕೂತಿದ್ದ ಜಾಗದಲ್ಲೇ ಕೂತಳು.

“ಅವರು ಯಾವ ಫೋನೂ ಮಾಡಿಲ್ಲ,” ಅಂದಳು. “ಭಾವ ಒಳಗಿರೋದು ನನಗೆ ಗೊತ್ತಿತ್ತು ಸಾರ್. ಗೊತ್ತಿದ್ದೇ ಗುಂಡಿ ಒತ್ತಿದೆ. ಬರ್ಕೊಳ್ಳಿ.”